ಹೊರಗೆ ಕೂರುವ ಮೂರು ದಿನ

ಮೇಟ್ರನ್ ಆದವಳು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ; ಅದೇ ಚೀಟಿ ಮಾಡಿಸಿಕೊಂಡು ಸಾಲಿನಲ್ಲಿ ಬಂದು ನಿಲ್ಲುತ್ತದೆ. ಪುತ್ತೂರಿನ ನಮ್ಮ ಸಣ್ಣ ಆಸ್ಪತ್ರೆಯಲ್ಲಿ, ಎಪ್ಪತ್ತರ ದಶಕದ ಕೊನೆಗೆ, ಹಾಗೆ ಬಂದವು ಇವು.

೧

ನನಗೆ ಆಗ ನಲವತ್ತೊಂಬತ್ತು. ಮುಟ್ಟು ನಿಲ್ಲುವ ಕಾಲ. ಇದ್ದಕ್ಕಿದ್ದಂತೆ ಕುತ್ತಿಗೆಯಿಂದ ಮೇಲೆ ಬೆಂಕಿ ಹತ್ತಿದ ಹಾಗೆ ಸೆಖೆ. ಆದರೆ ಮೇಟ್ರನ್ ಬೆವರುವುದುಂಟೇ? ಕಾನ್ವೆಂಟಿನಲ್ಲಿ ಕಲಿತವಳು ನಾನು, ಯಾರಿಗೂ ಹೇಳಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಫ್ಯಾನನ್ನು ಪೂರ್ತಿ ವೇಗದಲ್ಲಿ ಹಾಕಿದೆ. ಎದುರು ನಿಂತಿದ್ದ ನರ್ಸುಗಳ ಹಲ್ಲು ಕಟಕಟ ಎನ್ನುತ್ತಿತ್ತು.

"ಚಳಿಯಾಗ್ತದಾ?" ಎಂದೆ.

"ಇಲ್ಲ ಮೇಡಂ, ತುಂಬಾ ಸೆಖೆ" ಎಂದಳು ಹಿರಿಯವಳು, ಸ್ವೆಟರಿನ ಗುಂಡಿ ಹಾಕುತ್ತಾ.

ನನ್ನ ಶಿಸ್ತು ಅಂಥದ್ದು.

೨

ಕುಂಬ್ರದ ಕಡೆಯ ಒಬ್ಬರು ಹೆಂಡತಿಯನ್ನು ಕರೆತಂದರು. ಮುಖದಲ್ಲಿ ನಿಜವಾದ ಹೆದರಿಕೆ.

"ಮೇಟ್ರನಮ್ಮ, ಇವಳಿಗೆ ಐವತ್ತಾರು. ಈಗಲೂ ಪ್ರತಿ ತಿಂಗಳು ಮೂರು ದಿನ ಹೊರಗೆ ಕೂತುಕೊಳ್ತಾಳೆ. ಹೋದ ತಿಂಗಳು ಹತ್ತು ಜನ ನೆಂಟರು ಬಂದ ದಿನವೇ ಆಯ್ತು. ಕೆಟ್ಟ ಕಾಯಿಲೆ ಎಂತಾದ್ರೂ ಉಂಟಾ ನೋಡಿ."

ಗರ್ಭಕೋಶ ಕೆರೆದು ಪರೀಕ್ಷೆಗೆ ಕಳಿಸಬೇಕಾದೀತು ಎಂದರು ಡಾಕ್ಟರಮ್ಮ. ಗಂಡ ಹೊರಗೆ ಹೋದದ್ದೇ ಆಕೆ ನನ್ನ ಕೈ ಹಿಡಿದುಕೊಂಡರು.

"ಕೆರೆಯುದು ಬೇಡಮ್ಮ. ನಿಂತು ಎರಡು ವರ್ಷ ಆಯ್ತು."

"ಮತ್ತೆ ಹೊರಗೆ ಕೂರುದು ಎಂತಕ್ಕೆ?"

"ನಾನು ಕೂರುದೇ ಆ ಮೂರು ದಿನ. ಮೈಯೆಲ್ಲ ಉರಿ, ರಾತ್ರಿ ನಿದ್ರೆ ಇಲ್ಲ, ಗಂಟು ನೋವು. ನಿಂತಿದೆ ಅಂತ ಹೇಳಿದ್ರೆ ಮತ್ತೆ ಸಾಯುವವರೆಗೆ ಒಲೆಯ ಎದುರೇ."

ಸುಳ್ಳು ಹೇಳುವುದು ನನಗೆ ಬಾರದು. ಆದರೆ ಆ ಉರಿ ನನಗೆ ಗೊತ್ತಿತ್ತು. ಡಾಕ್ಟರಮ್ಮ ಪರೀಕ್ಷಿಸಿ, ತೊಂದರೆ ಏನೂ ಇಲ್ಲವೆಂದ ಮೇಲೆ, ಚೀಟಿಯನ್ನು ನಾನೇ ಬರೆದು ಅವರ ಸಹಿ ಹಾಕಿಸಿದೆ: 'ಮುಟ್ಟು ನಿಂತಿದೆ. ಈ ವಯಸ್ಸಿನ ಉರಿ, ನಿದ್ರಾಹೀನತೆ ಇದೆ. ತಿಂಗಳಿಗೆ ಮೂರು ದಿನ ಒಲೆಯ ಹತ್ತಿರ ಹೋಗತಕ್ಕದ್ದಲ್ಲ.'

ಗಂಡ ಎರಡು ಸಲ ಓದಿದರು. "ಯಾವ ಮೂರು ದಿನ ಮೇಟ್ರನಮ್ಮ?"

"ನೆಂಟರು ಬರುವ ದಿನ" ಎಂದೆ.

೩

ಮುಂದಿನ ತಿಂಗಳು ಆ ಹೆಂಗಸಿನ ಅತ್ತೆ ಬಸ್ಸು ಹಿಡಿದು ಒಬ್ಬರೇ ಬಂದರು. ಎಂಬತ್ತರ ಹತ್ತಿರವಿದ್ದೀತು. ಜಗಳಕ್ಕೇ ಬಂದದ್ದೆಂದು ನಾನು ಟೋಪಿ ಸರಿಮಾಡಿಕೊಂಡು ಕುಳಿತೆ.

"ಚೀಟಿ ಬರೆದದ್ದು ನೀವಾ?"

"ಹೌದು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಮೂರು ದಿನ ಅಡಿಗೆ ಯಾರು ಮಾಡ್ತಾರೆ ಈಗ?"

"ಮಗನೇ ಗಂಜಿ ಬೇಯಿಸ್ತಾನೆ. ಉಪ್ಪು ಹೆಚ್ಚು. ತಿಂತೇವೆ." ಅಜ್ಜಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಸೊಸೆಯ ನಾಟಕ ನನಗೆ ಮೊದಲ ತಿಂಗಳೇ ಗೊತ್ತಾಗಿತ್ತು."

"ಗೊತ್ತಿದ್ದೂ ಸುಮ್ಮನಿದ್ದಿರಾ? ಗೊತ್ತಾದದ್ದಾದರೂ ಹೇಗೆ?"

ಅಜ್ಜಿ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನಾನು ಮುಟ್ಟು ನಿಂತ ಮೇಲೆ ಒಂಬತ್ತು ವರ್ಷ ಹೊರಗೆ ಕೂತವಳು ಮಾರಾಯ್ತಿ. ಇವಳು ಎರಡೇ ವರ್ಷಕ್ಕೆ ಸಿಕ್ಕಿಬಿದ್ದಳು. ಈಗಿನವರಿಗೆ ಯಾವ ಕೆಲಸವೂ ಸರಿಯಾಗಿ ಮಾಡ್ಲಿಕ್ಕೆ ಬರುದಿಲ್ಲ."