ಹದ್ದಿಗೆ ಟೊಪ್ಪಿ ತೆಗೆಯುತ್ತಿದ್ದ ಮಾವ

ನನ್ನ ಸೋದರಮಾವ ತಲೆಯ ಟೊಪ್ಪಿ ತೆಗೆಯುತ್ತಿದ್ದುದು ಇಬ್ಬರಿಗೆ ಮಾತ್ರ: ದೇವರಿಗೆ ಮತ್ತು ರಣಹದ್ದಿಗೆ. ದೇವರ ಮುಂದೆ ಒಮ್ಮೊಮ್ಮೆ ಮರೆತದ್ದುಂಟು, ಹದ್ದಿನ ಮುಂದೆ ಎಂದೂ ಇಲ್ಲ!

ಐವತ್ತರ ದಶಕದ ಜೋಗೇಶ್ವರಿ. ಸಾಲುಮನೆಗಳ ನಮ್ಮ ಚಾಳಿನ ಹಿಂದೆ ಎಮ್ಮೆಗಳ ತಬೇಲ. ಎಮ್ಮೆ ಸತ್ತರೆ ಆಚೆಯ ಬಯಲಿಗೆ ಎಳೆದು ಹಾಕುತ್ತಿದ್ದರು. ಹದ್ದುಗಳು ಇಳಿದವೆಂದರೆ ಅರ್ಧ ದಿನದಲ್ಲಿ ಬರೀ ಮೂಳೆ! ನಾವು ಮೂಗು ಮುಚ್ಚಿ ಕಿಟಕಿ ಹಾಕಿದರೆ, ಮಾವ ಅದನ್ನು ತೆರೆದು ಕುರ್ಚಿ ಎಳೆದುಕೊಳ್ಳುತ್ತಿದ್ದರು.

“ಥೂ, ಊಟದ ಹೊತ್ತಿಗೆ ಎಂತ ನೋಡುದು ಅದನ್ನು?” ಎಂದು ಅಮ್ಮ ಬೈಯುತ್ತಿದ್ದಳು.

“ಕೆಲಸ ನೋಡ್ತಿದ್ದೇನೆ ಅಕ್ಕ. ಪಗಾರ ಇಲ್ಲ, ರಜೆ ಇಲ್ಲ. ಇವು ಒಂದು ವಾರ ಮುಷ್ಕರ ಹೂಡಿದ್ರೆ ನಿನ್ನ ಜೋಗೇಶ್ವರಿ ಉಳಿಯುದುಂಟಾ?”

ಮಾವ ಅಂಧೇರಿಯ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಟೇಬಲ್ ಒರೆಸಲು ಸೇರಿದ ಮೂವರನ್ನು ಒಮ್ಮೆ ತರಬೇತಿಗೆಂದು ಈ ಬಯಲಿಗೇ ಕರೆತಂದರು! ಇಬ್ಬರು ಅಲ್ಲಿಂದಲೇ ಸ್ಟೇಷನ್ನಿಗೆ ಓಡಿದರು. ಮೂರನೆಯವನು ಎಷ್ಟು ಚೆನ್ನಾಗಿ ಕಲಿತನೆಂದರೆ, ಗಿರಾಕಿಯ ಬಾಯಲ್ಲಿ ತುತ್ತಿರುವಾಗಲೇ ತಟ್ಟೆ ಎತ್ತಿಬಿಡುತ್ತಿದ್ದ.

ಇಂಥ ಮನೆಗೆ ನನ್ನನ್ನು ನೋಡಲು ವಡಾಲದಿಂದ ಗಂಡಿನವರು ಬಂದರು. ಹುಡುಗ ನನಗೆ ಹಿಡಿಸಿಯೇಬಿಟ್ಟ. ಉಪ್ಪಿಟ್ಟು ಮುಗಿಯಿತು, ಮಾತೂ ಮುಗಿಯಿತು. ಅಂಗಳಕ್ಕಿಳಿದ ಹುಡುಗನ ತಂದೆ ತಲೆಯೆತ್ತಿದರೆ, ನಮ್ಮ ಖೋಲಿಯ ಹೆಂಚಿನ ಮೇಲೆ ಸಾಕ್ಷಾತ್ ರಣಹದ್ದು!

“ಮನೆ ಮೇಲೆ ಹದ್ದು ಕೂತಿದೆ! ಈ ಸಂಬಂಧ ಬೇಡ,” ಎಂದುಬಿಟ್ಟರು.

ಇನ್ನು ಮಾವನ ಭಾಷಣ ಶುರುವಾದರೆ ನನ್ನ ಮದುವೆ ಆದಂತೆಯೇ! ಆದರೆ ಮಾವ ಬಟ್ಟೆ ಒಣಗಿಸುವ ಬಿದಿರುಕೋಲು ಹಿಡಿದು ಹದ್ದಿನ ಮೇಲೆ ನುಗ್ಗಿದರು. “ಹೋಗು, ಅಪಶಕುನವೇ, ಹೋಗು!” ಹದ್ದು ಹಾರಿತು. “ಅದು ನಮ್ಮ ಹೆಂಚಲ್ಲ ಸ್ವಾಮಿ, ಪಕ್ಕದ ಖಾಲಿ ಖೋಲಿಯದ್ದು,” ಎಂದು ಕೈಮುಗಿದರು. ಇಡೀ ಚಾಳಿಗೆ ಇರುವುದೊಂದೇ ಮಾಡು, ಯಾರ ಹೆಂಚು ಯಾರದೆಂದು ಹೇಳುವವರಾರು! ಸಂಬಂಧ ಉಳಿಯಿತು.

ಮರುದಿನ ಬೆಳಿಗ್ಗೆ ಮಾವ ಬಯಲಿಗೆ ಹೊರಟರು. ನಗಲೆಂದೇ ನಾನೂ ಹಿಂದೆ ಹೋದೆ. ಟೊಪ್ಪಿ ಕೈಯಲ್ಲಿ ಹಿಡಿದು ಹದ್ದುಗಳೆದುರು ನಿಂತಿದ್ದರು.

“ನಿನ್ನೆ ಬೈದದ್ದು ತಪ್ಪಾಯ್ತು ಮಾರಾಯ. ಹುಡುಗಿಯ ಮದುವೆ, ಎಂತ ಮಾಡುದು? ಎಂಜಲು ತೆಗೆಯುವವರನ್ನು ಕಂಡ್ರೆ ಜನ ಮುಖ ತಿರುಗಿಸ್ತಾರೆ. ನನಗೆ ಗೊತ್ತುಂಟು.”

ನನಗೆ ನಗು ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ, ಮ್ಯಾನೇಜರಾಗುವ ಮೊದಲು ಮಾವ ಹೋಟೆಲಿನಲ್ಲಿ ವರ್ಷಗಟ್ಟಲೆ ಎಂಜಲು ತಟ್ಟೆ ಎತ್ತಿದ್ದರಿಂದಲೇ ನಮ್ಮ ಮನೆಯ ಒಲೆ ಉರಿದದ್ದು. ಕಣ್ಣು ತುಂಬಿ ಬಂತು. ಅವರ ಪಕ್ಕದಲ್ಲಿ ನಿಂತು ಕೈಮುಗಿದೆ.

ನಾನು ಹದ್ದಿಗೆ ಕೈಮುಗಿದೆನೆಂದುಕೊಂಡು ಮಾವನಿಗೆ ಬಹಳ ಸಂತೋಷವಾಯಿತು.