ಹುಳುಮನೆಗೆ ಸೆಂಟು ಹಾಕಿಕೊಂಡು ಹೋದದ್ದು

ಹುಡುಗಿಯರನ್ನು ನಗಿಸುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ಆ ಭಾನುವಾರ ಬೆಳಗಿನವರೆಗೂ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಸಂಜೆಯ ಹೊತ್ತಿಗೆ ಆ ನಂಬಿಕೆಯೂ ಹೋಗಿತ್ತು, ಮೈಮೇಲಿನ ಅಂಗಿಯೂ ಹೋಗಿತ್ತು!

ಹುಡುಗಿಯ ಹೆಸರು ಪವಿತ್ರ. ಹೊಂಗನೂರಿನವಳು, ಎಂ.ಕಾಂ. ಓದಿದವಳು. ಬೈರಾಪಟ್ಟಣದಲ್ಲಿರುವ ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಭಾವ ತಂದ ಸಂಬಂಧ. ಫೋಟೊ ನೋಡಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಈಕೆ ಬೇಡ ಅಂದುಬಿಟ್ಟರೆ ನನ್ನ ಗತಿಯೇನು ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು. ಹಿರಿಯರೆಲ್ಲ ಜಾತಕ ನೋಡಿ ತಲೆಯಾಡಿಸಿದ್ದರು. ಇನ್ನು ಹುಡುಗ ಹುಡುಗಿ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಎದುರುಬದುರು ಕೂತು ಮಾತಾಡುವುದೊಂದೇ ಬಾಕಿ. ಇದಕ್ಕೆ ಭಾವ 'ಡೇಟಿಂಗು' ಎಂದು ಹೆಸರಿಟ್ಟರು. ಅಕ್ಕ ಅವರನ್ನು ದುರುಗುಟ್ಟಿಕೊಂಡು ನೋಡಿದಳು.

ಭಾವ ನನ್ನನ್ನು ಪಕ್ಕಕ್ಕೆ ಕರೆದು ಮಂತ್ರೋಪದೇಶ ಮಾಡಿದರು. "ಗಮಗಮ ಅಂತಿರ್ಬೇಕು, ಒಸಿ ನಗಿಸ್ಬೇಕು. ಇನ್ನೇನೂ ಬ್ಯಾಡ ಕಣ್ಲಾ."

ಗಮಗಮ ಅನ್ನಲು ಅವರೇ ಒಂದು ಸೆಂಟಿನ ಬಾಟಲಿ ಕೊಟ್ಟರು. ನಗಿಸಲು ನಾನು ಮೊಬೈಲಿನಲ್ಲಿದ್ದ ಡೇಟಿಂಗ್ ಜೋಕುಗಳನ್ನೆಲ್ಲ ಬಾಯಿಪಾಠ ಮಾಡಿದೆ. ಎಲ್ಲವೂ ಒಂದೇ ಅಚ್ಚಿನವು. ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು ತಿಳಿದುಕೊಳ್ಳುತ್ತಾರೆ, ಓದಿದವರು ನಗುತ್ತಾರೆ. ಹಾಗೆ ತಪ್ಪು ತಿಳಿಯುವ ದಡ್ಡರು ಎಲ್ಲಿರುತ್ತಾರಪ್ಪ ಎಂದು ನಾನೂ ನಕ್ಕಿದ್ದೆ.

ಭಾನುವಾರ ಬೆಳಿಗ್ಗೆ ಪವಿತ್ರಳೇ ಫೋನ್ ಮಾಡಿದಳು. ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದಾರಂತೆ, ಇನ್ನೇನು ಗೂಡು ಕಟ್ಟುವ ಹೊತ್ತಂತೆ, ಬಿಟ್ಟು ಬರಲು ಆಗುವುದಿಲ್ಲವಂತೆ. ನೀವೇ ಮನೆಗೆ ಬನ್ನಿ ಅಂದಳು. ನಾನು ದಂಗಾಗಿ ಹೋದೆ! ಮೊದಲ ಭೇಟಿಗೇ ಮನೆಗೆ ಕರೆಯುವುದೆಂದರೆ ಸುಮ್ಮನೆಯೇ? ಹುಳುವಿನ ಮಾತೆಲ್ಲ ಬರೀ ನೆಪ ಎಂದು ತೀರ್ಮಾನಿಸಿ, ಸೆಂಟಿನ ಬಾಟಲಿಯನ್ನು ಅರ್ಧಕ್ಕಿಳಿಸಿದೆ.

ನಾನು ರಾಮನಗರದವನು. ಟ್ಯೂಬ್‌ಲೈಟು, ವೈರು ಮಾರುವ ಅಂಗಡಿ ನನ್ನದು. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲೇ ಹುಟ್ಟಿ ಬೆಳೆದರೂ ಹುಳುವಿನ ಮುಖ ಕಂಡವನಲ್ಲ. ಚನ್ನಪಟ್ಟಣದಲ್ಲಿ ಹೊಂಗನೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೀಟು ಬಿಟ್ಟು ಎದ್ದು ನಿಂತರು. ಮದುವೆ ಗಂಡಿಗೆ ಕೊಡುವ ಮರ್ಯಾದೆ ಎಂದುಕೊಂಡೆ.

ಪವಿತ್ರ ಅಂಗಳದಲ್ಲೇ ಎದುರಾದಳು. ಫೋಟೊಗಿಂತ ಚೆನ್ನಾಗಿದ್ದಳು. ನಾನು ತಡಮಾಡದೆ ಮೊದಲ ಜೋಕು ಹಾರಿಸಿದೆ. ಹುಡುಗ 'ಡೇಟ್ಸ್‌ಗೆ ಬರ್ತೀಯಾ' ಅಂದನಂತೆ, ಹುಡುಗಿ 'ನಂಗೆ ಖರ್ಜೂರ ಆಗಲ್ಲ' ಅಂದಳಂತೆ.

"ಯಾಕೆ, ಅವಳಿಗೆ ಶುಗರ್ರಾ?" ಎಂದು ಪವಿತ್ರ ಕೇಳಿದಳು.

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ದುಪಟ್ಟಾವನ್ನು ಮೂಗಿಗೆ ಹಿಡಿದು ಹಿಂದೆ ಸರಿದಳು. ನಾಚಿಕೆ! ಇನ್ನೊಂದು ಹೆಜ್ಜೆ ಇಟ್ಟೆ.

"ನೀವು ಒಸಿ ಆ ಕಡೀಕೆ ನಿಂತ್ಕಳಿ. ಗಾಳಿ ಇತ್ಲಾಗೆ ಬೀಸ್ತಾ ಐತೆ" ಅಂದಳು. ಆಹಾ, ನಾಚಿಕೆಯನ್ನು ಗಾಳಿಯ ಮೇಲೆ ಹಾಕುತ್ತಿದ್ದಾಳೆ!

ಸೆಂಟು ಹಾಕಿಕೊಂಡಿದ್ದೀರಾ ಎಂದು ಮೆಲ್ಲಗೆ ಕೇಳಿದಳು. ನಿಮಗೋಸ್ಕರವೇ ಅಂದೆ. ಅವಳ ಮುಖ ಬಿಳಿಚಿಕೊಂಡಿತು. ಪ್ರೇಮದಲ್ಲಿ ಹೀಗೂ ಆಗುತ್ತದೆ ಎಂದು ಕೇಳಿ ಗೊತ್ತಿತ್ತು. ತೊಟ್ಟಿಯ ಹತ್ತಿರ ಹೋಗಿ ಮೈ ತೊಳೆದುಕೊಳ್ಳಿ, ಟೀ ತರುತ್ತೇನೆ, ಆ ಕಡೆ ಮಾತ್ರ ಕಾಲಿಡಬೇಡಿ ಎಂದು ಒಂದು ಉದ್ದನೆಯ ಕೋಣೆಯತ್ತ ಕೈ ತೋರಿಸಿ ಒಳಗೆ ಓಡಿದಳು. ಟೀಗೆ ಮುಂಚೆ ಯಾರಾದರೂ ಮೈ ತೊಳೆಯುತ್ತಾರೆಯೇ? ನಾನು ಕೈಕಾಲು, ಮುಖ ತೊಳೆದು ಮುಗಿಸಿದೆ.

ಆ ಕೋಣೆಯ ಬಾಗಿಲಲ್ಲಿ ಒಂದು ಬುಟ್ಟಿ ಹಿಪ್ಪುನೇರಳೆ ಸೊಪ್ಪಿತ್ತು. ಕಾಲಿಡಬೇಡಿ ಅಂದದ್ದು ನನಗೆ ದಣಿವಾದೀತೆಂಬ ಕಾಳಜಿಯಿಂದಲೇ ಇರಬೇಕು. ಅಳಿಯನಾಗುವವನು ಮೈಗಳ್ಳನಲ್ಲ ಎಂದು ತೋರಿಸಲು ಇದಕ್ಕಿಂತ ಸದವಕಾಶ ಸಿಕ್ಕೀತೇ? ಬುಟ್ಟಿ ಎತ್ತಿಕೊಂಡು ಒಳನುಗ್ಗಿದೆ.

ಒಳಗೆ ಅಟ್ಟಣೆಗಳ ತುಂಬ ಹುಳುಗಳು ಸರಸರ ಸೊಪ್ಪು ಮೇಯುತ್ತಿದ್ದವು. ನಾನು ನಡುವೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಸದ್ದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಹುಳುಗಳೆಲ್ಲ ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದವು. ನನ್ನ ಕೈಯಿಂದ ಬುಟ್ಟಿ ಜಾರಿತು.

"ಯಾವನ್ಲಾ ಅವ್ನು, ಸೆಂಟು ಬಳ್ಕಂಡು ಹುಳಿನ ಮನೆಗೆ ನುಗ್ಗಿರೋನು?"

ಬಾಗಿಲಲ್ಲಿ ಪವಿತ್ರಳ ತಂದೆ. ಅವರ ಹಿಂದೆ ಟೀ ಲೋಟ ಹಿಡಿದ ಪವಿತ್ರ. "ಅಪ್ಪಾ, ಅವ್ರೇ... ನನ್ನ ನೋಡಕ್ಕೆ ಬಂದಿರೋರು."

ಯಜಮಾನರ ದನಿ ಕೂಡಲೇ ಇಳಿಯಿತು. "ಓ, ಬನ್ನಿ ಬನ್ನಿ, ಮನೇಲೆಲ್ಲಾ ಚೆನ್ನಾಗವ್ರಾ? ಒಸಿ ಅಂಗಿ ಬಿಚ್ಚಿ."

ಮದುವೆಗೆ ಮುಂಚೆಯೇ ಮಾವನಾಗುವವರು ನನ್ನನ್ನು ತೊಟ್ಟಿಯ ಪಕ್ಕ ಕೂರಿಸಿ, ಬಕೆಟ್ಟುಗಟ್ಟಲೆ ತಣ್ಣೀರು ಸುರಿದು, ಸೀಗೆಪುಡಿ ಹಾಕಿ ಎಮ್ಮೆ ತಿಕ್ಕಿದ ಹಾಗೆ ತಿಕ್ಕಿದರು. ತಿಕ್ಕುತ್ತಲೇ ವಿವರಿಸಿದರು. ಘಾಟು ವಾಸನೆ ಹುಳುವಿಗೆ ಆಗುವುದಿಲ್ಲವಂತೆ. ಅದಕ್ಕೇ ಆ ಮನೆಯಲ್ಲಿ ಊದುಬತ್ತಿಯನ್ನೂ ಹಚ್ಚುವುದಿಲ್ಲವಂತೆ. ಹುಳು ಮೇಯುವುದನ್ನು ನಿಲ್ಲಿಸಿದರೆ ಇಡೀ ಬೆಳೆ ಹೋದಂತೆಯೇ ಅಂತೆ. ಅವರ ದುಡಿಮೆಯೆಲ್ಲ ನನ್ನ ಕಂಕುಳಿನಿಂದ ಮಣ್ಣುಪಾಲಾಗುವುದಿತ್ತು!

ಕಿಟಕಿಗಳನ್ನೆಲ್ಲ ತೆಗೆದು ಕಾದೆವು. ಪವಿತ್ರಳ ಕಣ್ಣಲ್ಲಿ ನೀರಿತ್ತು. ಕೊನೆಗೆ ಒಳಗಿನಿಂದ ಸರಸರ ಸದ್ದು ಮತ್ತೆ ಶುರುವಾಯಿತು. ಅವಳು ಉಸಿರು ಬಿಟ್ಟು, ಅವರಪ್ಪನ ಪಟ್ಟೆ ಚಡ್ಡಿಯಲ್ಲಿ ನಿಂತಿದ್ದ ನನ್ನನ್ನು ನೋಡಿ ನಕ್ಕೇ ನಕ್ಕಳು. ಇನ್ನೊಂದು ಜೋಕೂ ಖರ್ಚಾಗದೆ ನಗಿಸಿದ್ದೆ! ಗೆದ್ದೆ ಎಂದುಕೊಂಡು ಊರಿಗೆ ಬಂದೆ.

ಸಂಜೆ ಭಾವ ಫೋನ್ ಮಾಡಿದರು. "ಹುಡುಗಿ ಬ್ಯಾಡ ಅಂದಿಲ್ಲ ಕಣ್ಲಾ. ಅವರಪ್ಪನೂ ಬ್ಯಾಡ ಅಂದಿಲ್ಲ. ಹುಳ ಒಪ್ನಿಲ್ಲ ಅಂತ ಹೇಳಿ ಕಳಿಸವ್ರೆ."

ಭಾವ ಹೇಳಿದ ಜೋಕುಗಳಲ್ಲೆಲ್ಲ ಇದೇ ಒಳ್ಳೆಯದು ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಕಡೆ ಭಾವ ನಗಲಿಲ್ಲ. ಅದು ಜೋಕಲ್ಲ ಎಂದು ಆಗ ಗೊತ್ತಾಯಿತು. ಹೆಣ್ಣಿನ ಕಡೆಯವರು ಒಪ್ಪದಿದ್ದರೆ ನಾಲ್ಕು ಜನ ಹಿರಿಯರನ್ನು ಕಳಿಸಿ ಮಾತಾಡಿಸಬಹುದು. ಹುಳುಗಳ ಹತ್ತಿರ ಯಾರನ್ನು ಕಳಿಸಲಿ?