ಸೀಡಿಗೆ ಮೂರು ಬೆರಳು ವಿಭೂತಿ

"ಈ ಸಲದ ಆಯುಧ ಪೂಜೆಯಲ್ಲಿ ನಮ್ಮ ಮನೆಯ ಒಂದೇ ಒಂದು ಯಂತ್ರವೂ ವಿಭೂತಿ ಇಲ್ಲದೆ ಉಳಿಯಕೂಡದು!" ಕೊಟ್ಟೂರಿನಲ್ಲಿ ಮೂವತ್ತೇಳು ಮನೆ ಕಟ್ಟಿ ನಿಲ್ಲಿಸಿದ ಗಾರೆ ಮೇಸ್ತ್ರಿ ಉಜ್ಜಿನಪ್ಪನಾದ ನಾನು, ಎರಡು ಸಾವಿರದ ಐದನೇ ಇಸವಿಯ ದಸರೆಯಲ್ಲಿ ಹೀಗೊಂದು ಘೋರ ಪ್ರತಿಜ್ಞೆ ಮಾಡಿದೆ. ಹಿಂದಿನ ವರ್ಷ ಮೊಪೆಡ್ಡನ್ನು ಮರೆತಿದ್ದೆ. ಅದು ಹಡಗಲಿ ದಾರಿಯಲ್ಲಿ ಸೇಡು ತೀರಿಸಿಕೊಂಡಿತ್ತು. ಎಂಟು ಕಿಲೋಮೀಟರ್ ತಳ್ಳಿದವನಿಗೇ ಗೊತ್ತು ಭಕ್ತಿಯ ಬೆಲೆ!

ಕರಣೆ, ತೂಗುಗುಂಡು, ರಸಮಟ್ಟ, ಹಾರೆ, ಸಲಿಕೆ ಎಲ್ಲವೂ ಮೈ ತೊಳೆದುಕೊಂಡು ಸಾಲಾಗಿ ಕೂತವು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮಗಳ ಸೈಕಲ್ಲು, ಯಾರಿಗೂ ರಿಯಾಯಿತಿ ಇಲ್ಲ. ಕೊನೆಗೆ ಟಿವಿಯ ಕೆಳಗಿದ್ದ ಕಪ್ಪು ಗೇಮ್ ಪೆಟ್ಟಿಗೆ ಕಣ್ಣಿಗೆ ಬಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಭಾಮೈದ ಸೋಮಶೇಖರ್ ಅದನ್ನು ಹೊಸಪೇಟೆಯಿಂದ ತಂದಿದ್ದ. ನನ್ನ ಮಗಳು ಕೊಟ್ರಮ್ಮನಿಗೆ ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮು, ತನ್ನ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ, ಟಿವಿಗೆ ಹಚ್ಚುವ ದೊಡ್ಡ ಪೆಟ್ಟಿಗೆ. ಎರಡರಲ್ಲೂ ಒಂದೇ ಹೆಸರಿನ ಆಟ. ಬಾಂಬಿಲ್ಲ, ಬಂದೂಕಿಲ್ಲ, ಬರೀ ಸಂಸಾರ! ಮನೆ ಕಟ್ಟಬೇಕು, ಅದರೊಳಗಿನ ಮಂದಿಗೆ ಹೊತ್ತುಹೊತ್ತಿಗೆ ಸ್ನಾನ, ಊಟ, ನಿದ್ದೆ ಮಾಡಿಸಬೇಕು. ಅವರ ತಲೆಯ ಮೇಲೊಂದು ಹರಳು ತೇಲುತ್ತಿರುತ್ತದೆ. ಮನಸ್ಸು ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು.

"ನಿಜವಾದ ಸಂಸಾರ ಸಾಲಲಿಲ್ಲೇನಲೇ ನಿನಗ?" ಎಂದು ಹೆಂಡತಿ ಪುಷ್ಪಲತಾಳನ್ನು ಕೇಳಿದ್ದೆ.

"ಇಲ್ಲಿ ನಾನು ಹೇಳಿದಂಗ ಕೇಳ್ತಾರ್ರಿ" ಎಂದಿದ್ದಳು.

ನಾಲ್ಕು ತಿಂಗಳಿಂದ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಅವಳ ವಾಸ ಅದೇ ಮನೆಯಲ್ಲಿ. ನಾನು ಒಂದು ದಿನವೂ ಕೂತು ನೋಡಿದವನಲ್ಲ. ಸಿಮೆಂಟಿಲ್ಲದ ಮನೆಯನ್ನು ಮೇಸ್ತ್ರಿಯಾದವನು ಏನೆಂದು ನೋಡುವುದು!

ಇರಲಿ, ಪೂಜೆಗೆ ಬರೋಣ. ಪೆಟ್ಟಿಗೆಗೆ ಹೊರಗಿನಿಂದ ವಿಭೂತಿ ಬಳಿದರೆ ಸಾಕೇ? ಆತ್ಮ ಇರುವುದು ಒಳಗೆ! ಮುಚ್ಚಳ ಎತ್ತಿದೆ, ಸೀಡಿ ಸಿಕ್ಕಿತು. ಒಂದು ಕಡೆ ಚಿತ್ರ, ಇನ್ನೊಂದು ಕಡೆ ಕನ್ನಡಿಯಂಥ ಹೊಳಪು. ಯಾವುದು ಮುಖ, ಯಾವುದು ಬೆನ್ನು? ಹೊಳೆಯುವುದೇ ಮುಖವೆಂದು ಕ್ಷಣದಲ್ಲಿ ತೀರ್ಮಾನಿಸಿದೆ. ನೀರಲ್ಲಿ ಕಲಸಿದ ವಿಭೂತಿ, ಮೂರು ಬೆರಳು, ಒಂದೇ ಎಳೆತ! ನಡುವೆ ತೂತಿದ್ದುದರಿಂದ ಕುಂಕುಮವನ್ನು ಸ್ವಲ್ಪ ಪಕ್ಕಕ್ಕೆ ಇಡಬೇಕಾಯಿತು. ಕೈಮುಗಿದು ಮುಚ್ಚಳ ಮುಚ್ಚಿದೆ.

ಮೂರು ಗಂಟೆಗೆ ಪುಷ್ಪಲತಾ ಪೆಟ್ಟಿಗೆ ಹಚ್ಚಿದಳು. ಅದು ಕರ್ ಕರ್ ಎಂದು ಕೆಮ್ಮಿತು. ಟಿವಿ ಕಪ್ಪಾಗಿಯೇ ಉಳಿಯಿತು. ಮುಚ್ಚಳ ಎತ್ತಿ ಸೀಡಿಯನ್ನು ನೋಡಿದಳು, ಆಮೇಲೆ ನನ್ನ ಬೆರಳುಗಳನ್ನು ನೋಡಿದಳು.

"ರೀ, ಏನು ಮಾಡಿದ್ರಿ?"

"ಪೂಜಿ ಮಾಡೀನಿ!"

ಸೆರಗಿನಿಂದ ಒರೆಸಿದಳು. ಒಣಗಿದ ವಿಭೂತಿ ಗರಗರ ಎಂದು ಗೀರು ಎಳೆಯುತ್ತಾ ಹೋಯಿತು. ಮತ್ತೆ ಪೆಟ್ಟಿಗೆ ಹಚ್ಚಿದರೆ ಈ ಸಲ ಕೆಮ್ಮೂ ಇಲ್ಲ.

"ನಾಕು ತಿಂಗಳಿಂದ ಕಟ್ಟಿದ್ದೆನ್ರಿ ಆ ಮನಿ" ಎಂದಳು. ಅಷ್ಟೇ. ಬೈದಿದ್ದರೆ ನಾನು ಬಚಾವಾಗುತ್ತಿದ್ದೆ, ಬೈಗುಳಕ್ಕೆ ನನ್ನ ಹತ್ತಿರ ಯಾವಾಗಲೂ ಉತ್ತರ ಇರುತ್ತದೆ. ಅವಳು ಸುಮ್ಮನೆ ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ಊರಿಗೆಲ್ಲ ಮನೆ ಕಟ್ಟುವವನು ಹೆಂಡತಿಯ ಮನೆ ಕೆಡವಿದ್ದೆ.

ಮಗಳ ಹತ್ತಿರ ಓಡಿದೆ. "ಕೊಟ್ರಿ, ನಿನ್ನ ಕೈಯಾಗಿರೋದೂ ಅದ ಆಟ ಅಲ್ಲೇನವ್ವ? ಅದರಾಗಿಂದ ಒಂದು ಮನಿ ತಗದು ನಿಮ್ಮವ್ವಗ ಕೊಡು."

"ಅಪ್ಪಾ, ಹೆಸರು ಒಂದ, ಆಟ ಬ್ಯಾರೆ. ನನ್ನ ಗೇಮಿನ್ಯಾಗ ಊರಮಂದಿ ಕೆಲಸ ಮಾಡಿಕೊಡೋದ ಜಾಸ್ತಿ. ಅವ್ವನ ಮನಿ ಇದರಾಗ ಬರಂಗಿಲ್ಲ."

"ಹೋಗ್ಲಿ, ಅವ್ವನ ಮನ್ಯಾಗ ಏನೇನಿತ್ತು ಹೇಳು."

"ಏನಿಲ್ಲ. ಅವ್ವ ಯಾವಾಗ ನೋಡಿದ್ರೂ ಅದರ ಅಡಿಗಿಮನಿನ ನೋಡ್ಕೋತ ಕುಂದ್ರತಿದ್ಲು. ಅದಂದ್ರ ಭಾಳ ಇಷ್ಟ ಆಕಿಗೆ."

ಅಡುಗೆಮನೆ! ಥಟ್ಟನೆ ಹೊಳೆಯಿತು. ನಮ್ಮ ಅಡುಗೆಮನೆಗೆ ಕಿಟಕಿಯೇ ಇಲ್ಲ. ಮೂವತ್ತೇಳು ಅಡುಗೆಮನೆಗಳಿಗೆ ಕಿಟಕಿ ಇಟ್ಟವನ ಹೆಂಡತಿ ಹನ್ನೆರಡು ವರ್ಷದಿಂದ ಕತ್ತಲಲ್ಲಿ ರೊಟ್ಟಿ ತಟ್ಟುತ್ತಿದ್ದಾಳೆ. ಪಾಪ, ಆಟದಲ್ಲಾದರೂ ಒಂದು ದೊಡ್ಡ ಕಿಟಕಿ ಇಟ್ಟುಕೊಂಡಿರಬೇಕು! ಅದನ್ನು ನಿಜವಾಗಿಯೇ ಕೊಟ್ಟುಬಿಡುತ್ತೇನೆ ಎಂದುಕೊಂಡೆ.

ಆದರೆ ಪೂಜೆಗಿಟ್ಟ ಹಾರೆಯನ್ನು ಅಂದು ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿ. ಬೆಳಿಗ್ಗೆ ಸೀಡಿಯನ್ನು ಬಸ್ ಸ್ಟ್ಯಾಂಡಿನ ಹತ್ತಿರ ಟಿವಿ ರಿಪೇರಿ ಮಾಡುವ ಯೂಸುಫ್ ಸಾಬ್ ಕೈಗೆ ಒಪ್ಪಿಸಿ ಬಂದೆ. ಪುಷ್ಪಲತಾ ಬನ್ನಿಗಿಡದ ಪೂಜೆಗೆ ಹೋದದ್ದೇ ತಡ, ಹಾರೆ ಎತ್ತಿದೆ!

ಎರಡಡಿ ಕಿಟಕಿಗೆ ಗುರುತು ಹಾಕಿದ್ದೆ. ಹಳೆಯ ಕಲ್ಲುಮಣ್ಣಿನ ಗೋಡೆ, ಹತ್ತು ಏಟಿಗೂ ಜಪ್ಪಯ್ಯ ಅನ್ನಲಿಲ್ಲ. ಹನ್ನೊಂದನೆಯ ಏಟಿಗೆ ಮೂರು ಕಲ್ಲು ಬಾ ಎಂದರೆ ಹದಿಮೂರು ಬಂದವು! ಹೋಳಿಗೆಗೆ ರುಬ್ಬಿಟ್ಟಿದ್ದ ಹೂರಣದ ಮೇಲೆ ದಬದಬ ಮಣ್ಣು ಸುರಿಯಿತು. ಹೂರಣದ ಬಣ್ಣವೇನೂ ಬದಲಾಗಲಿಲ್ಲ ಎಂಬುದೊಂದೇ ಸಮಾಧಾನ. ಧೂಳು ಇಳಿದ ಮೇಲೆ ನೋಡಿದರೆ ಅದು ಕಿಟಕಿಯಲ್ಲ, ಎಮ್ಮೆ ನುಗ್ಗುವಷ್ಟು ದೊಡ್ಡ ಕಂಡಿ. ಅದರಾಚೆ ಪಕ್ಕದ ಮನೆಯ ದ್ಯಾಮಕ್ಕ ತನ್ನ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಾ ಕೂತಿದ್ದಳು.

"ಯಾಕ್ರಿ ಮೇಸ್ತ್ರಿ, ಬಾಗಿಲು ಸಿಗಲಿಲ್ಲೇನು?"

ಅಷ್ಟರಲ್ಲಿ ಪುಷ್ಪಲತಾ ಬಂದಳು. ಕಂಡಿಯನ್ನು ನೋಡಿದಳು, ಹೂರಣವನ್ನು ನೋಡಿದಳು, ಮೀಸೆಯವರೆಗೂ ಮಣ್ಣಾಗಿದ್ದ ನನ್ನನ್ನು ನೋಡಿದಳು.

"ನಿನ್ನೆ ಆ ಮನಿ, ಇವತ್ತು ಈ ಮನಿ. ನಾಳೆ ಯಾರ ಮನೀರಿ?"

ಸಂಜೆ ಯೂಸುಫ್ ಸಾಬ್ ಬನ್ನಿ ಕೊಡಲು ಬಂದರು, ಜೊತೆಗೆ ಸೀಡಿಯನ್ನೂ ತಂದರು. ಹಲ್ಲುಜ್ಜುವ ಪೇಸ್ಟು ಹಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ತಾಸುಗಟ್ಟಲೆ ತಿಕ್ಕಿದ್ದರಂತೆ.

"ಚಿಂತಿ ಮಾಡಬ್ಯಾಡ ತಂಗಿ" ಎಂದರು. "ಸೀಡಿನ್ಯಾಗ ಆಟ ಅಷ್ಟ ಇರ್ತೈತಿ. ನೀನು ಕಟ್ಟಿದ ಮನಿ ಪೆಟಿಗಿಗೆ ಸಿಗಿಸಿದ ಈ ಸಣ್ಣ ಕಾರ್ಡಿನ್ಯಾಗ ಐತಿ. ನಿಮ್ಮನಿಯವ್ರು ಇದಕ್ಕ ಪೂಜಿ ಮಾಡಿಲ್ಲ, ಬಚಾವ್!"

ಪೆಟ್ಟಿಗೆ ಹಾಡಿತು. ಮನೆ ಬಂತು! ಪುಷ್ಪಲತಾಳ ಮುಖ ಅರಳಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ನಾನು ಅವಳ ಪಕ್ಕ ಕೂತೆ. ಛಾವಣಿ ಎತ್ತಿ ಪಕ್ಕಕ್ಕಿಟ್ಟ ಹಾಗೆ ಮನೆಯ ಒಳಗೆಲ್ಲ ಕಾಣುತ್ತಿತ್ತು. ಅಡುಗೆಮನೆ ಹುಡುಕಿದೆ. ನಮ್ಮದರಷ್ಟೇ ಇಕ್ಕಟ್ಟು. ನಾಲ್ಕೂ ಗೋಡೆ ಗಟ್ಟಿ.

"ಕಿಟಕಿ ಎಲ್ಲೈತಿ?"

"ಯಾವ ಕಿಟಕಿ? ನಾನು ಇಟ್ಟ ಇಲ್ಲ."

"ಮತ್ತ ಈ ಅಡಿಗಿಮನಿ ಅಂದ್ರ ಅಷ್ಟ್ಯಾಕ ಇಷ್ಟ ನಿನಗ?"

ಅವಳು ಟಿವಿ ಕಡೆ ಕೈ ತೋರಿಸಿದಳು. ಹಳದಿ ಅಂಗಿಯ ಹೆಂಗಸೊಬ್ಬಳು ಒಲೆಯ ಮುಂದೆ ನಿಂತಿದ್ದಳು. ಅಲ್ಲೇ ಕುರ್ಚಿ ಹಾಕಿಕೊಂಡು ದಪ್ಪ ಮೀಸೆಯ ಗಂಡಸೊಬ್ಬ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಅವನ ಹೆಸರನ್ನು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಉಜ್ಜಿನಪ್ಪ!

"ಏನು ಹೇಳಾಕತ್ಯಾನ ಅವ್ನು?"

"ಅವ್ರ ಮಾತು ಯಾರಿಗೂ ತಿಳಿಯಂಗಿಲ್ರಿ. ಆದ್ರ ಕುಂತು ಹೇಳ್ತಾನಲ್ಲ, ಸಾಕು."

ಇತ್ತ ಈ ದೊಡ್ಡ ಮೇಸ್ತ್ರಿಯ ದಿನಚರಿ ಏನು? ಬೆಳಿಗ್ಗೆ ಹೋಗುವುದು, ಸಂಜೆ ಬಂದು ಪಡಸಾಲೆಯಲ್ಲಿ ಕೂತು ತಟ್ಟೆ ಕೇಳುವುದು. ಹನ್ನೆರಡು ವರ್ಷದಲ್ಲಿ ನಾನು ಅವಳ ಒಲೆಯ ಹತ್ತಿರ ಒಂದು ಸಲವಾದರೂ ಕೂತದ್ದು ನೆನಪಾಗಲಿಲ್ಲ. ಕಣ್ಣು ತುಂಬಿ ಬಂತು. ಗೋಡೆಯ ಧೂಳು ಎಂದು ಯೂಸುಫ್ ಸಾಬ್‌ಗೆ ಹೇಳಿ ಒರೆಸಿಕೊಂಡೆ.

ಅವರು ಹೋದ ಮೇಲೆ ಒಂದು ಮಣೆ ಹಿಡಿದುಕೊಂಡು ಅಡುಗೆಮನೆಗೆ ನಡೆದೆ. ಒಲೆಯ ಪಕ್ಕ ಕೂತೆ. ಪುಷ್ಪಲತಾ ಹಿಂದೆಯೇ ಬಂದಳು. ಕೂತದ್ದೇನೋ ಆಯಿತು, ಮಾತು ಯಾವುದು?

"ಸಿಮೆಂಟಿನ ರೇಟು ಮತ್ತ ಏರೇತಿ" ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಒಂದು ಬುಟ್ಟಿ ಬೆಳ್ಳುಳ್ಳಿ ತಂದು ನನ್ನ ಮುಂದೆ ಇಟ್ಟಳು. "ಅವ್ನು ಬರೇ ಮಾತಾಡ್ತಾನ. ನೀವು ಸುಲಕೋತ ಮಾತಾಡ್ರಿ."

ಸುಲಿಯುತ್ತಾ ಕೂತೆ. ಎರಡು ಗಡ್ಡೆ ಮುಗಿದಿರಬೇಕು, ಕಂಡಿಯೊಳಗಿಂದ ಬನ್ನಿ ಎಲೆ ಹಿಡಿದ ಕೈಯೊಂದು ಬಂತು. ಅದರ ಹಿಂದೆಯೇ ದ್ಯಾಮಕ್ಕನ ಮುಖ. ಬನ್ನಿ ಕೊಡುವುದನ್ನೇ ಮರೆತು ಆಕೆ ಬುಟ್ಟಿಯನ್ನೂ ನನ್ನನ್ನೂ ಕಣ್ಣಗಲಿಸಿ ನೋಡಿದಳು.

"ಮೇಸ್ತ್ರಿ, ಇದನ್ನ ಮಾತ್ರ ಮುಚ್ಚಬ್ಯಾಡ್ರಿ!" ಎಂದಳು. "ನಾಳೆ ಬಂದು ನಮ್ಮ ಗೋಡಿನೂ ಇಷ್ಟ ಒಡದು ಕೊಡ್ರಿ. ನಮ್ಮನಿಯವ್ರು ಕುಂತಲ್ಲಿಂದ ನಿಮ್ಮನ್ನ ನೋಡ್ಲಿ!"